ನಿವೃತ್ತ ದಂಪತಿಯ ಕಾರು ಸಂಚಾರ: ಡೋಣಿ ಸೀಮೆಯ ಒಂದು ಅಧ್ಯಯನ

ಕರ್ನಾಟಕ ಸರ್ಕಾರದ ನೌಕರನು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ ಎಂಬುದು ನಿಯಮಪುಸ್ತಕದ ಮಾತು. 2008ರವರೆಗೆ ಈ ಮಿತಿ 58 ಆಗಿತ್ತು. ಬೀಳ್ಕೊಡುಗೆಯ ಶಾಲು, ಹಾರ ಮತ್ತು ಗೋಡೆ ಗಡಿಯಾರಗಳ ಬಗ್ಗೆ ಭಾಷಣಗಳು ಬೇಕಾದಷ್ಟು ಆಗಿವೆಯಾದರೂ, ಅನಂತರದ ತಿಂಗಳುಗಳಲ್ಲಿ ಗ್ರಾಚ್ಯುಟಿಯೂ ಕಮ್ಯುಟೇಶನ್ನೂ, ಅಂದರೆ ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಗಂಟು ಕಟ್ಟಿ ಕೊಡುವ ಮೊತ್ತವೂ, ಬ್ಯಾಂಕಿಗೆ ಜಮೆಯಾದ ಮೇಲೆ ಮನೆಯೊಳಗೆ ನಡೆಯುವ ಬೆಳವಣಿಗೆಗಳ ಕಡೆಗೆ ವಿದ್ವಾಂಸರ ಗಮನ ಹರಿದಂತಿಲ್ಲ. ಮಗನ ಪ್ಲಾಟು, ಮಗಳ ಮದುವೆಯ ಉಳಿದ ಸಾಲ, ತಂಗಿಯ ಮನೆಯ ಕಟ್ಟೋಣ ಇವೆಲ್ಲ ಮುಗಿದು ಗಂಟಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದು ತಿಳಿದುಬಂದ ಗಳಿಗೆಯಲ್ಲಿ, ಮೂವತ್ತೈದು ವರ್ಷ ಸಾರಿಗೆ ಸಂಸ್ಥೆಯ ಬಸ್ಸಿನ ಕಿಟಕಿಗೆ ಟವೆಲ್ ಎಸೆದು ಸೀಟು ಹಿಡಿದ ಮನುಷ್ಯನು ಒಂದು ಸಣ್ಣ ಕಾರನ್ನು ಕೊಂಡು, ಹೆಂಡತಿಯೊಡನೆ ನಾಡು ನೋಡಲು ಹೊರಡುತ್ತಾನೆ. ಪ್ರಸ್ತುತ ಪರಿಶೀಲನೆಯು ಈ ಹೊರಡುವಿಕೆಗೂ, ಹೊರಟವರು ಏನನ್ನು ನೋಡಿದರು ಎಂಬ ಪ್ರಶ್ನೆಗೂ ಸೀಮಿತವಾಗಿದೆ.

ಪರಿಶೀಲನೆಯ ಕ್ಷೇತ್ರ ಡೋಣಿ ನದಿಯ ಸೀಮೆಯಲ್ಲಿರುವ ದೇವರ ಹಿಪ್ಪರಗಿ. ವಿಜಯಪುರದಿಂದ ಸಿಂದಗಿ, ಜೇವರ್ಗಿಗಳ ಮೂಲಕ ಕಲಬುರಗಿಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಈ ಊರು ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಯ್ಯನವರ ಜನ್ಮಸ್ಥಳವೆಂದೂ, ಭಂಡಾರ ತೂರಿ ನಡೆಸುವ ರಾವುತರಾಯ ಮಲ್ಲಯ್ಯನ ಜಾತ್ರೆಯ ಸ್ಥಳವೆಂದೂ ಪ್ರಸಿದ್ಧವಾಗಿದ್ದು, ಬಹುಕಾಲ ಸಿಂದಗಿ ತಾಲ್ಲೂಕಿನೊಳಗಿದ್ದು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳು ಇದರ ಸುತ್ತ ಹರಡಿಕೊಂಡಿರುವುದರಿಂದ ಕಾರನ್ನು ಯಾವ ಕಡೆ ತಿರುಗಿಸಿದರೂ ಒಂದು ಇತಿಹಾಸ, ಒಂದು ಮಠ ಮತ್ತು ಒಬ್ಬ ಬೀಗರು ಎದುರಾಗುವುದು ನಿಶ್ಚಿತ. ಈ ಮೂರರಲ್ಲಿ ಮೂರನೆಯದರ ಪ್ರಭಾವವೇ ಸಂಚಾರದ ಮೇಲೆ ಹೆಚ್ಚೆಂಬುದನ್ನು ಮುಂದೆ ಕಾಣಬಹುದು.

ಕಾರಿನ ಬಣ್ಣ ಸಾಮಾನ್ಯವಾಗಿ ಬಿಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಬಯಲಿನ ಬಿಸಿಲು 40 ಡಿಗ್ರಿಯನ್ನು ದಾಟುವುದರಿಂದ ಬಿಳಿಯೇ ಲೇಸೆಂದು ಗಂಡನು ವೈಜ್ಞಾನಿಕ ಕಾರಣ ಕೊಟ್ಟರೆ, ಬಿಳಿ ಕಾರು ಮಾರುವಾಗ ನಾಲ್ಕು ದುಡ್ಡು ಹೆಚ್ಚು ಬರುತ್ತದೆಂದು ಹೆಂಡತಿಯು ಆರ್ಥಿಕ ಕಾರಣ ಕೊಡುತ್ತಾಳೆ. ಕೊಳ್ಳುವ ದಿನವೇ ಮಾರುವ ದಿನವನ್ನು ನೆನೆಯುವ ಈ ದೂರದೃಷ್ಟಿ ಶಿಕ್ಷಕರ ಮನೆಗಳಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಕೆಎ 28 ಎಂಬ ವಿಜಯಪುರದ ನೋಂದಣಿ ಸಂಖ್ಯೆಯನ್ನು ಪಡೆದ ವಾಹನವನ್ನು ಮೊದಲು ಮಲ್ಲಯ್ಯನ ಗುಡಿಯ ಮುಂದೆ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣುಗಳನ್ನಿಟ್ಟು ಹಾಯಿಸಲಾಗುತ್ತದೆ. ಇಂಡಿ ಸೀಮೆಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿ, ಅಂದರೆ ಇಂಥ ಪದಾರ್ಥ ಇಂಥ ನೆಲದ್ದೇ ಎಂಬ ಕಾನೂನಿನ ಮುದ್ರೆ, ದೊರೆತ ಮೇಲೆ ಈ ಕ್ರಿಯೆಯ ಘನತೆ ಹೆಚ್ಚಿದೆಯಾದರೂ, ಮುದ್ರೆ ಬಿದ್ದ ಹಣ್ಣನ್ನು ಗಾಲಿಗೆ ಹಾಕುವ ಬದಲು ಉಪ್ಪಿನಕಾಯಿ ಹಾಕಬಾರದೇ ಎಂದು ಹೆಂಡತಿಯು ಎತ್ತುವ ಆಕ್ಷೇಪಕ್ಕೆ ಶಾಸ್ತ್ರಗಳಲ್ಲಿ ಸಮರ್ಪಕವಾದ ಉತ್ತರವಿಲ್ಲ.

ಈ ಬಗೆಯ ಸಂಚಾರದ ಆಸೆ ದಂಪತಿಯ ತಲೆಗೆ ಎಲ್ಲಿಂದ ಬಂತು ಎಂಬುದನ್ನು ವಿಚಾರಿಸಿದರೆ ಅದರ ಮೂಲ ಹಲವು ಸಲ ಅಮೆರಿಕೆಯಲ್ಲಿ ಸಿಗುತ್ತದೆ. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮಗ ಅಥವಾ ಅಳಿಯ, ಆರು ತಿಂಗಳ ಮಟ್ಟಿಗೆ ಬಂದ ಹಿರಿಯರನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಲಾರದೆ ಬಾಡಿಗೆ ವ್ಯಾನಿನಲ್ಲಿ ಹಾಕಿಕೊಂಡು ನೆವಾಡ, ಯೂಟಾ ರಾಜ್ಯಗಳ ಬಯಲಿನಲ್ಲಿ ಅಡ್ಡಾಡಿಸುತ್ತಾನೆ. ಆ ದೇಶದ ಪಶ್ಚಿಮ ಭಾಗದಲ್ಲಿ ನಿವೃತ್ತ ದಂಪತಿಗಳು ಮಲಗುವ ಮನೆ, ಅಡುಗೆ ಮನೆಗಳನ್ನು ಒಳಗೇ ಹೊಂದಿದ ದೊಡ್ಡ ವಾಹನಗಳಲ್ಲಿ ತಿಂಗಳುಗಟ್ಟಲೆ ಊರೂರು ತಿರುಗುವುದು ರೂಢಿಯಾಗಿದ್ದು, ನೆವಾಡವನ್ನು ಅಡ್ಡಲಾಗಿ ಸೀಳುವ 50ನೆಯ ಹೆದ್ದಾರಿಯನ್ನು 1986ರಲ್ಲಿ ‘ಲೈಫ್’ ಪತ್ರಿಕೆ ಅಮೆರಿಕೆಯ ಅತ್ಯಂತ ಒಂಟಿ ರಸ್ತೆಯೆಂದು ಕರೆದ ಮೇಲೆ ಆ ಒಂಟಿತನವನ್ನು ನೋಡಲೆಂದೇ ಜನ ಗುಂಪುಗಟ್ಟಿ ಹೋಗತೊಡಗಿದರು. ದೇವರ ಹಿಪ್ಪರಗಿಯ ಹೆದ್ದಾರಿಯ ಸಂಖ್ಯೆಯೂ 50 ಎಂಬುದು ಕೇವಲ ಕಾಕತಾಳೀಯ. ಇಲ್ಲಿ ಒಂಟಿತನ ಸಿಗುವುದಿಲ್ಲ.

ಅಮೆರಿಕೆಯ ಆ ವಿಸ್ತಾರವನ್ನು ಕಂಡಾಗ ಡೋಣಿ ಸೀಮೆಯ ದಂಪತಿ ಹೊರಡಿಸುವ ಮೊದಲ ಉದ್ಗಾರ ಆತಿಥೇಯನಿಗೆ ಅಷ್ಟಾಗಿ ಸಂತೋಷ ಕೊಡುವಂಥದಲ್ಲ. “ಇದು ನಮ್ಮ ಡೋಣಿ ಹೊಲಾನ ಐತಲ್ಲೋ ತಮ್ಮಾ, ಬಿತ್ತಿಲ್ಲ ಅಷ್ಟ” ಎಂದು ತಂದೆಯೂ, “ಇಷ್ಟ್ ಹೊಲ ಪಡ ಬಿಟ್ಟಾರ, ಯಾರೂ ಕೇಳಾವ್ರಿಲ್ಲೇನು” ಎಂದು ತಾಯಿಯೂ ಹೇಳುತ್ತಾರೆ. ‘ಪಡ’ ಎಂದರೆ ಉಳದೆ ಬಿಟ್ಟ ಭೂಮಿ. ಅದು ಈ ಕಡೆಯ ರೈತಾಪಿ ಜನರ ದೃಷ್ಟಿಯಲ್ಲಿ ನೋಟವಲ್ಲ, ಅಪರಾಧ. ಯೂಟಾದ ಬಾನವಿಲ್ ಉಪ್ಪಿನ ಬಯಲನ್ನು ತೋರಿಸಿದಾಗ, ಬೇಸಿಗೆಯಲ್ಲಿ ನೀರು ಉಪ್ಪಾಗುವ ಡೋಣಿ ನದಿಯ ದಂಡೆಯಲ್ಲಿ ಬೆಳೆದವರಿಗೆ ವಿಶೇಷ ಬೆರಗು ಹುಟ್ಟುವುದಿಲ್ಲ. ನೆವಾಡದ ಹಂಬೋಲ್ಟ್ ನದಿ ಸಮುದ್ರವನ್ನು ಸೇರದೆ ನಡುವೆಯೇ ತಗ್ಗಿನಲ್ಲಿ ಇಂಗಿಹೋಗುತ್ತದೆಂದು ಮಗನು ವಿವರಿಸಿದಾಗ ತಂದೆಯು ಮೌನವಾಗಿ ಕೇಳಿಸಿಕೊಂಡು, ಎಷ್ಟೇ ಬಡಕಲಾದರೂ ಡೋಣಿ ಕೃಷ್ಣೆಯನ್ನು ಮುಟ್ಟುತ್ತದೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಹೀಗೆ ಪರದೇಶದ ಬಯಲು ಅವರಿಗೆ ಹೊಸದೇನನ್ನೂ ತೋರಿಸದಿದ್ದರೂ, ಬಯಲಿನಲ್ಲಿ ಗಂಡ ಹೆಂಡತಿ ಇಬ್ಬರೇ ಕಾರಿನಲ್ಲಿ ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ ಎಂಬ ವಿಚಾರವನ್ನು ಮಾತ್ರ ಮನಸ್ಸಿನಲ್ಲಿ ನೆಟ್ಟು ಕಳಿಸುತ್ತದೆ.

ಡೋಣಿ ಸೀಮೆಯ ನಿರ್ಜನತೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. 2020ರ ಗಣತಿಯಂತೆ ಸುಮಾರು 2.86 ಲಕ್ಷ ಚದರ ಕಿಲೋಮೀಟರಿನ ನೆವಾಡದಲ್ಲಿ 31 ಲಕ್ಷ ಜನರಿದ್ದು, ಚದರ ಕಿಲೋಮೀಟರಿಗೆ ಹನ್ನೊಂದು ಜನರೂ ಸರಿಯಾಗಿ ಬೀಳುವುದಿಲ್ಲ. 2011ರ ಗಣತಿಯಲ್ಲಿ ವಿಜಯಪುರ ಜಿಲ್ಲೆಯ ಸಾಂದ್ರತೆ 207, ಇಡೀ ಕರ್ನಾಟಕದ್ದು 319. ಅಂಕಿಗಳ ಪ್ರಕಾರ ಇದು ವಿರಳ ವಸತಿಯ ನಾಡಲ್ಲ. ಆದರೆ ಕಣ್ಣಿಗೆ ಕಾಣುವುದೇ ಬೇರೆ. ಎರೆ ಎಂದು ಕರೆಯಲಾಗುವ ಇಲ್ಲಿನ ಕಪ್ಪು ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುವುದರಿಂದ ಅದರ ಮೇಲೆ ಕಟ್ಟಿದ ಗೋಡೆ ನೆಟ್ಟಗೆ ನಿಲ್ಲುವುದು ಕಷ್ಟ. ಆದ್ದರಿಂದ ಮಲೆನಾಡಿನಂತೆ ತೋಟಕ್ಕೊಂದು ಮನೆಯ ಪದ್ಧತಿ ಇಲ್ಲಿಲ್ಲದೆ, ಊರೆಲ್ಲ ಒಂದೆಡೆ ಒತ್ತಾಗಿ ಕುಳಿತು, ಎರಡು ಊರುಗಳ ನಡುವಿನ ಹರದಾರಿಗಟ್ಟಲೆ ನೆಲವನ್ನು ಜೋಳ, ತೊಗರಿ, ಕಡಲೆ, ಕುಸುಬೆಗಳಿಗೆ ಬಿಟ್ಟುಕೊಟ್ಟಿದೆ. ಹರದಾರಿ ಎಂದರೆ ಸುಮಾರು ಮೂರು ಮೈಲು. ರಸ್ತೆಯ ಎರಡೂ ಬದಿಗೆ ದಿಗಂತದವರೆಗೆ ಒಂದು ಮನೆಯೂ ಕಾಣದೆ, ಅಲ್ಲೊಂದು ಇಲ್ಲೊಂದು ಬೇವು, ಬನ್ನಿ, ತಗ್ಗುಗಳಲ್ಲಿ ಬಳ್ಳಾರಿ ಜಾಲಿ ಇವಿಷ್ಟೇ ತಲೆಯೆತ್ತಿ ನಿಂತಿರುವ ಈ ನೋಟವನ್ನು ನೋಡಿದ ಹೊರಗಿನವನು ಇಲ್ಲಿ ಯಾರೂ ಇಲ್ಲವೆಂದು ಬಗೆಯುತ್ತಾನೆ. ನಿವೃತ್ತ ದಂಪತಿಯೂ ಅಮೆರಿಕೆಯಿಂದ ಮರಳಿದ ಹೊಸದರಲ್ಲಿ ಕೆಲವು ದಿನ ಹಾಗೆಯೇ ಬಗೆದಿರುತ್ತಾರೆ.

ಹೊರಡುವ ಹಿಂದಿನ ರಾತ್ರಿ ಮುಂಜಾನೆ ಐದಕ್ಕೆ ಬಿಡಬೇಕೆಂದು ನಿರ್ಣಯವಾಗುತ್ತದೆ. ಕಾರು ಅಂಗಳ ಬಿಡುವಾಗ ಒಂಬತ್ತು ಹೊಡೆದಿರುತ್ತದೆ. ಈ ವಿಳಂಬಕ್ಕೆ ಮುಖ್ಯ ಕಾರಣ ಬುತ್ತಿ. ದಾರಿಯಲ್ಲಿ ಊಟಕ್ಕೆಂದು ಕಟ್ಟಿಕೊಂಡು ಹೋಗುವ ಆಹಾರಕ್ಕೆ ಈ ಹೆಸರಿದ್ದು, ಹೆದ್ದಾರಿಯುದ್ದಕ್ಕೂ ದಾಬಾಗಳಿದ್ದರೂ ಬುತ್ತಿಯಿಲ್ಲದೆ ಊರು ಬಿಡುವುದನ್ನು ಹೆಂಡತಿಯು ಒಪ್ಪುವುದಿಲ್ಲ. ಹಂಚಿನ ಮೇಲೆ ಗರಿಗರಿಯಾಗುವಂತೆ ಸುಟ್ಟ ಕಡಕ್ ಸಜ್ಜಿ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಒಂದೂ ಮುರಿಯದಂತೆ ಪರಾತದಲ್ಲಿ ಅಡ್ಡ ಮಲಗಿಸಿ, ಶೇಂಗಾ, ಅಗಸಿ, ಗುರೆಳ್ಳು ಈ ಮೂರು ಚಟ್ನಿಪುಡಿಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ, ಎಣ್ಣೆಗಾಯಿ ಬದನೆಕಾಯಿಯ ಡಬ್ಬಿಯ ಮುಚ್ಚಳಕ್ಕೆ ಎಣ್ಣೆ ಸೋರದಂತೆ ಪ್ಲಾಸ್ಟಿಕ್ ಹಾಳೆಯನ್ನು ಎರಡು ಸಲ ಬಿಗಿದು, ಮೇಲೆ ದಾರ ಕಟ್ಟಿ, ಕೊನೆಗೆ ಹಸಿ ಉಳ್ಳಾಗಡ್ಡಿಯನ್ನು ಮರೆತದ್ದು ನೆನಪಾಗಿ ಮತ್ತೆ ಒಳಗೆ ಹೋಗುವಷ್ಟರಲ್ಲಿ ಗಂಡನು ಮೂರು ಸಲ ಹಾರ್ನ್ ಬಾರಿಸಿ, ಮೂರನೆಯ ಸಲದ್ದಕ್ಕೆ ಪಶ್ಚಾತ್ತಾಪಪಟ್ಟಿರುತ್ತಾನೆ. ಡಿಕ್ಕಿಯಲ್ಲಿ ನೀರಿನ ಕ್ಯಾನು, ಚಾಪೆ, ಬ್ಯಾಟರಿ, ಕೊಡೆ, ಔಷಧದ ಚೀಲ ಮತ್ತು ಯಾರಿಗೋ ಮುಟ್ಟಿಸಬೇಕಾದ ಅರ್ಧ ಚೀಲ ಜೋಳ ಸೇರಿದ ಮೇಲೆ, ಇಬ್ಬರೇ ಹಗುರವಾಗಿ ಹೋಗಿ ಬರುವ ಯೋಜನೆಯ ಅರ್ಧ ಭಾಗ ಅಂಗಳದಲ್ಲೇ ಮುಗಿದಂತಾಗುತ್ತದೆ.

ಚಾಲನೆಯ ವಿಷಯದಲ್ಲಿ ಗಂಡನು ಕಾರು ನಡೆಸುತ್ತಾನೆ, ಹೆಂಡತಿಯು ಗಂಡನನ್ನು ನಡೆಸುತ್ತಾಳೆ ಎಂಬ ಕಾರ್ಯವಿಭಜನೆ ಸ್ಥಿರವಾಗಿದೆ. ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿದ ನಿವೃತ್ತ ಮುಖ್ಯಾಧ್ಯಾಪಕನು ಗಂಟೆಗೆ ನಲವತ್ತು ಕಿಲೋಮೀಟರಿನ ವೇಗವನ್ನು ಒಂದು ಸಿದ್ಧಾಂತವೆಂದು ಸ್ವೀಕರಿಸಿರುತ್ತಾನಾದ್ದರಿಂದ ಹಿಂದಿನ ಲಾರಿಗಳಿಗೆ ತೊಂದರೆಯಾಗುತ್ತದೆಯೇ ಹೊರತು ಅಪಘಾತದ ಸಂಭವ ಕಡಿಮೆ. ಆದರೂ “ಲಾರಿ ಬರಾಕತ್ತೈತ್ರಿ”, “ಎಮ್ಮಿ ಅದಾವ್ರಿ”, “ಹಂಪ್ ಐತ್ರಿ, ಹಂಪ್” ಎಂಬ ಸೂಚನೆಗಳು ಎಡಗಡೆಯ ಸೀಟಿನಿಂದ ನಿರಂತರವಾಗಿ ಬರುತ್ತಿದ್ದು, ಇವುಗಳಲ್ಲಿ ಮೂರನೆಯದು ಸಾಮಾನ್ಯವಾಗಿ ಹಂಪ್ ದಾಟಿದ ಮೇಲೆ ತಲುಪುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಇಂಡಿಯ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುತ್ತ, ಹಿಂದೆ ದೀಪವಿಲ್ಲದೆ, ಮುಂದೆ ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರನ್ನು ದಾಟಿ ಮುಂದೆ ಹೋಗುವುದೇ ದಿನದ ದೊಡ್ಡ ಸಾಹಸ. ಅದನ್ನು ದಾಟಿ ಸಾಧಿಸಿದ ಮುನ್ನಡೆಯನ್ನು ಮುಂದಿನ ಚಹಾದಂಗಡಿಯಲ್ಲಿ ಕಳೆದುಕೊಂಡು, ಅದೇ ಟ್ರ್ಯಾಕ್ಟರನ್ನು ಮತ್ತೊಮ್ಮೆ ದಾಟುವುದೂ ಅನಿವಾರ್ಯ.

ದಾರಿ ಕೇಳುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಮೊಬೈಲಿನ ನಕಾಶೆ ತೊಗರಿ ಹೊಲದ ಬದುವಿಗೆ ಕರೆದೊಯ್ದು ಗುರಿ ಮುಟ್ಟಿದಿರಿ ಎಂದು ಘೋಷಿಸಿದ ಮೇಲೆ ದಂಪತಿಯು ಕಾರನ್ನು ನಿಲ್ಲಿಸಿ, ಬೇವಿನ ನೆರಳಲ್ಲಿ ಕುಳಿತ ಹಿರಿಯನನ್ನು ಕೇಳುತ್ತಾರೆ. ಆತನು ಮೊದಲು ಯಾವೂರವರು, ಯಾರ ಪೈಕಿ, ಇವರಿಗೆ ಅವರು ಏನಾಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ ದಾರಿ ಹೇಳುವುದಿಲ್ಲ. ಹೇಳುವಾಗಲೂ “ಇಲ್ಲೇ ರೀ, ಸನೇದಾಗ ಐತಿ” ಎನ್ನುವುದರಿಂದ ದೂರವು ಒಂದು ಕಿಲೋಮೀಟರೂ ಆಗಬಹುದು, ಎರಡು ಹರದಾರಿಯೂ ಆಗಬಹುದು. ಈ ಸಪಾಟು ಸೀಮೆಯಲ್ಲಿ ನಂಬಬಹುದಾದ ದಿಕ್ಸೂಚಿಯೆಂದರೆ ಬಸವನ ಬಾಗೇವಾಡಿ ಕಡೆಯ ಕೂಡಗಿಯಲ್ಲಿರುವ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. ದೂರದಿಂದಲೇ ಕಾಣುವ ಅವು ಎಡಕ್ಕಿವೆಯೋ ಬಲಕ್ಕಿವೆಯೋ ನೋಡಿಕೊಂಡರೆ ನಕಾಶೆ ಬೇಕಾಗುವುದಿಲ್ಲ.

ಮೇಲಿನ ಮೂರು ಪ್ರಶ್ನೆಗಳಲ್ಲಿಯೇ ಈ ಅಧ್ಯಯನದ ತಿರುಳಿದೆ. ಬೇವಿನ ಕೆಳಗಿನ ಹಿರಿಯನಿಗೆ ಉತ್ತರ ಕೊಟ್ಟೊಡನೆ ದಂಪತಿಯು ಅಪರಿಚಿತ ಪ್ರವಾಸಿಗರೆಂಬ ಸ್ಥಾನವನ್ನು ಕಳೆದುಕೊಂಡು, ಹೆಂಡತಿಯ ಮಾವಶಿಯ, ಅಂದರೆ ತಾಯಿಯ ತಂಗಿಯ, ನಾದಿನಿಯನ್ನು ಕೊಟ್ಟ ಊರು ಇದೇ ಎಂಬ ಸಂಗತಿ ಬೆಳಕಿಗೆ ಬಂದು, ಕಾರಿನ ಮುಂದೆ ಒಬ್ಬ ಹುಡುಗ ಸೈಕಲ್ ಹತ್ತಿ ಆ ಮನೆಗೆ ಸುದ್ದಿ ಮುಟ್ಟಿಸಲು ಹೊರಟುಬಿಟ್ಟಿರುತ್ತಾನೆ. ಬಾಗಿಲಿಗೆ ಹೋಗಿ ಕಾರಿನಿಂದ ಇಳಿಯದೆ ಮುಂದೆ ಹೋದರೆ ಮೂರು ತಲೆಮಾರಿನ ಮನಸ್ತಾಪ, ಇಳಿದರೆ ಚಹಾ. ಇಬ್ಬರಿಗೂ ಶುಗರ್ ಇದೆಯೆಂದು ಹೇಳಿಕೊಂಡರೆ “ಒಂದ್ ದಿನಕ್ಕ ಏನಾಕ್ಕೈತ್ರಿ” ಎಂಬ ಉತ್ತರದೊಡನೆ ಎರಡು ಚಮಚ ಹೆಚ್ಚು ಸಕ್ಕರೆ ಬೀಳುತ್ತದೆ. ನೆವಾಡದ ಹೆದ್ದಾರಿಯಲ್ಲಿ ಮುಂದಿನ ಪೆಟ್ರೋಲ್ ಬಂಕು ಎಷ್ಟು ದೂರವೆಂಬುದು ಪ್ರಯಾಣಿಕನ ಚಿಂತೆಯಾದರೆ ಇಲ್ಲಿ ಮುಂದಿನ ಬೀಗರ ಮನೆ ಎಷ್ಟು ಹತ್ತಿರವೆಂಬುದು ಚಿಂತೆ. ಕಟ್ಟಿಕೊಂಡ ಬುತ್ತಿ ಸಂಜೆಯವರೆಗೂ ಬಿಚ್ಚುವುದಿಲ್ಲ. ಡಿಕ್ಕಿಯಲ್ಲಿದ್ದ ಅರ್ಧ ಚೀಲ ಜೋಳ ಇಳಿದ ಜಾಗದಲ್ಲಿ ಬೇರೆ ಮನೆಯ ಒಂದು ಚೀಲ ಕಡಲೆ ಏರಿ ಕುಳಿತಿರುತ್ತದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಗಾದೆ ಹುಟ್ಟಿದ ನಾಡಿನಲ್ಲಿ ಕಾರಿನ ಡಿಕ್ಕಿಯನ್ನೂ ಓಣಿಯ ಲೆಕ್ಕಕ್ಕೇ ಹಿಡಿಯಬೇಕು.

ಈ ಬಯಲಿನ ಏಕಾಂತವನ್ನು ನಿವೃತ್ತಿಯ ನಂತರ ಬೇಕೆಂದೇ ಬಯಸಿ ಬಂದ ಒಬ್ಬರು ಚರಿತ್ರೆಯಲ್ಲಿದ್ದಾರೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುರುದೇವ ರಾನಡೆಯವರು 1946ರಲ್ಲಿ ನಿವೃತ್ತರಾಗಿ, ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದ ಸಣ್ಣ ನಿಲ್ದಾಣವಾದ ಇಂಡಿ ಸೀಮೆಯ ನಿಂಬಾಳದಲ್ಲಿ ನೆಲೆಸಿ, 1957ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಅವರ ಆಶ್ರಮಕ್ಕೆ ಹೋದ ದಂಪತಿ ಪ್ರಾಂಗಣದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದುಂಟು. ಇಡೀ ಪ್ರವಾಸದಲ್ಲಿ ಗಂಡ ಹೆಂಡತಿ ಇಬ್ಬರೂ ಮಾತಾಡದ ಅಪರೂಪದ ಸಮಯ ಅದಾಗಿದ್ದು, ಅದು ಮುಗಿಯುವುದು ಸಾಮಾನ್ಯವಾಗಿ ಮೊಬೈಲಿನ ರಿಂಗಿನಿಂದ: “ಇಂಡಿಗೆ ಬಂದೀರಂತ, ನಮ್ಮನಿಗಿ ಬರಂಗಿಲ್ಲೇನು?” ಸುದ್ದಿಯು ಕಾರಿಗಿಂತ ಮುಂದೆ ಹೋಗಿರುತ್ತದೆ.

ಅಲ್ಲಿಂದ ಹಲಸಂಗಿ ದೂರವಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನೊಳಗೊಂಡ ಹಲಸಂಗಿ ಗೆಳೆಯರು ಹೆಂಗಸರ ಬಾಯಿಯಿಂದ ಕೇಳಿ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಗಿ ಕನ್ನಡ ಜಾನಪದ ಅಧ್ಯಯನಕ್ಕೆ ಬುನಾದಿ ಹಾಕಿತೆಂಬುದನ್ನು ನಿವೃತ್ತ ಮುಖ್ಯಾಧ್ಯಾಪಕನು ವರ್ಷವರ್ಷವೂ ತರಗತಿಯಲ್ಲಿ ಬರೆಸಿದ್ದಾನೆ. ಊರಿನ ಅಗಸಿಯ ಹತ್ತಿರ ಕಾರು ನಿಲ್ಲಿಸಿ, ಕರಿಹಲಗೆಯಿಲ್ಲದ ಕೊರತೆಯನ್ನು ಕೈಯಾಡಿಸಿ ತುಂಬಿಕೊಳ್ಳುತ್ತ ಆತನು ಅದರ ಮಹತ್ವವನ್ನು ವಿವರಿಸತೊಡಗಿದರೆ, ಬೀಸುವ ಕಲ್ಲಿನ ಮುಂದೆ ಅತ್ತೆಯ ಎದುರು ಕುಳಿತು ಆ ಹಾಡುಗಳನ್ನು ಕಲಿತ ಹೆಂಡತಿಯು ಎರಡು ತ್ರಿಪದಿಗಳನ್ನು ಸಣ್ಣ ದನಿಯಲ್ಲಿ ಹಾಡಿ ಮುಗಿಸಿ, “ನಡೀರಿ, ಹೊತ್ತಾತು” ಎನ್ನುತ್ತಾಳೆ. ಜಾನಪದದ ವಿದ್ವತ್ತು ಯಾರಲ್ಲಿದೆ ಎಂಬ ಪ್ರಶ್ನೆ ಆ ಕಾರಿನೊಳಗೆ ಮತ್ತೆ ಏಳುವುದಿಲ್ಲ.

ದಕ್ಷಿಣಕ್ಕೆ ತಿರುಗಿದರೆ ಇತಿಹಾಸದ ಸರದಿ. ವಿಜಯನಗರದ ಪತನಕ್ಕೆ ಕಾರಣವಾದ 1565ರ ಜನವರಿ 23ರ ಯುದ್ಧವನ್ನು ಪಠ್ಯಪುಸ್ತಕಗಳು ತಾಳಿಕೋಟೆ ಕದನವೆನ್ನುತ್ತವೆ. ಅದನ್ನು ರಕ್ಕಸತಂಗಡಿ ಕದನವೆಂದು ಕರೆಯುವವರು ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ, ತಂಗಡಗಿಗಳನ್ನು ತೋರಿಸುತ್ತಾರೆ. ರಣಭೂಮಿ ಕೃಷ್ಣಾ ನದಿಯ ಯಾವ ದಂಡೆಯಲ್ಲಿತ್ತೆಂಬ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಈ ಜಗಳವನ್ನು ಸ್ಥಳದಲ್ಲೇ ಇತ್ಯರ್ಥ ಮಾಡುವ ಉದ್ದೇಶದಿಂದ ಬಂದ ಗಂಡನಿಗೆ ಅಲ್ಲಿ ಸಿಗುವುದು ತೊಗರಿ ಹೊಲ, ಮುಳ್ಳಿನ ಬೇಲಿ ಮತ್ತು ಕುರಿ ಕಾಯುವ ಒಬ್ಬ ಹುಡುಗ. ವಿಜಯನಗರದ ರಾಮರಾಯನ ಸೈನ್ಯ ಎಲ್ಲಿ ನಿಂತಿದ್ದಿರಬೇಕು, ಎದುರಾಳಿ ಸುಲ್ತಾನರ ತೋಪುಗಳು ಎಲ್ಲಿದ್ದಿರಬೇಕು ಎಂಬುದನ್ನು ತೊಗರಿಕಟ್ಟಿಗೆಯಿಂದ ನೆಲದ ಮೇಲೆ ಗೀಚಿ ಆತನು ವಿವರಿಸುತ್ತಿರುವಾಗ ಹೆಂಡತಿಯು ಕುರಿಗಾಹಿಯಿಂದ ಕಂಬಳಿಯ ದರ, ಹಿಂಡಿನ ಸಂಖ್ಯೆ ಮತ್ತು ಆತನ ತಾಯಿಯ ತವರೂರು ಇವನ್ನು ತಿಳಿದುಕೊಂಡಿರುತ್ತಾಳೆ. ತವರೂರು ದೇವರ ಹಿಪ್ಪರಗಿಯ ಹತ್ತಿರದ್ದೇ ಆಗಿರುತ್ತದೆಂದು ಹೇಳುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಡೋಣಿ ಉಕ್ಕಿ ತಾಳಿಕೋಟೆಯ ಹತ್ತಿರದ ಹಡಗಿನಾಳ ಸೇತುವೆಯ ಮೇಲೆ ನೀರು ಹರಿಯುವುದುಂಟು; ಅಂಥ ದಿನಗಳಲ್ಲಿ ಹೊರಟವರು ಯುದ್ಧಭೂಮಿಯನ್ನೂ ನೋಡದೆ, ಮನೆಗೂ ಮರಳಲಾರದೆ, ಮತ್ತೆ ಬೀಗರ ಮನೆಯನ್ನೇ ಆಶ್ರಯಿಸುತ್ತಾರೆ.

ಪಶ್ಚಿಮದ ಕಡೆಗೆ ಹೋದರೆ ಕೊಲ್ಹಾರದ ಮೊಸರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿ ಮಾರುವ ಈ ಗಟ್ಟಿ ಮೊಸರನ್ನು ಕೊಳ್ಳದೆ ಆ ದಾರಿಯಲ್ಲಿ ಹೋದವರಿಲ್ಲ. ಗಡಿಗೆಯನ್ನು ಹೆಂಡತಿಯು ತೊಡೆಯ ಮೇಲಿಟ್ಟುಕೊಂಡು ಕುಳಿತ ಮೇಲೆ ಕಾರಿನ ವೇಗ ನಲವತ್ತರಿಂದ ಇಪ್ಪತ್ತೈದಕ್ಕೆ ಇಳಿಯುತ್ತದೆ. ಆದರೆ ಹಳೆಯ ಕೊಲ್ಹಾರ ಇಂದು ನೀರಿನಲ್ಲಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿ, ಈಗ ಅವರದೇ ಹೆಸರಿನಲ್ಲಿರುವ ಆಲಮಟ್ಟಿ ಜಲಾಶಯದ ಹಿನ್ನೀರು ಕೃಷ್ಣೆಯ ಎರಡೂ ದಂಡೆಯ ಊರುಗಳನ್ನು ನುಂಗಿದೆ. 519.60 ಮೀಟರ್ ಎತ್ತರಕ್ಕೆ ನಿಲ್ಲುವ ನೀರನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿರುವುದರಿಂದ ಇನ್ನಷ್ಟು ಊರುಗಳು ಪುನರ್ವಸತಿಯ ಸರದಿಯಲ್ಲಿವೆ. ಹಿನ್ನೀರಿನ ಮೇಲಿನ ಉದ್ದದ ಸೇತುವೆಯಲ್ಲಿ ಕಾರು ನಿಲ್ಲಿಸಬಾರದೆಂಬ ನಿಯಮವಿದ್ದರೂ ಅಲ್ಲಿ ಕಾರು ನಿಧಾನವಾಗುತ್ತದೆ. ಮುಳುಗಡೆಯಾದ ಊರಿನ ಮಗಳಾದ ಹೆಂಡತಿಯು ನೀರಿನ ಕಡೆ ಕೈ ತೋರಿಸಿ “ಅಲ್ಲೇ ನಮ್ಮ ಹಗೇವು ಇತ್ತು” ಎನ್ನುತ್ತಾಳೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಎಲ್ಲ ದಾರಿಗಳೂ ಯಾವುದಾದರೊಂದು ಬಳಗದ ಮನೆಗೆ ಮುಟ್ಟುವ ಈ ನಾಡಿನಲ್ಲಿ ಅವಳ ತವರಿಗೆ ಮಾತ್ರ ದಾರಿಯಿಲ್ಲ. ಈ ಸಂಗತಿಯ ಮೇಲೆ ಹಾಸ್ಯ ಮಾಡುವುದು ಯಾವ ಪ್ರಬಂಧಕಾರನಿಗೂ ಶಕ್ಯವಲ್ಲ. ಗಂಡನೂ ಆಗ ಮಾತಾಡುವುದಿಲ್ಲ.

ಇನ್ನೂ ಪಶ್ಚಿಮದ ನಿಜವಾದ ಬಯಲು ನೋಡಬೇಕೆನ್ನುವವರು ವಿಜಯಪುರವನ್ನು ದಾಟಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಹೋಗುತ್ತಾರೆ. ದಾಟುವ ಮುನ್ನ, 1656ರಲ್ಲಿ ಪೂರ್ಣಗೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಳಗುಮ್ಮಟವನ್ನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಏರಲಾಗುತ್ತದೆ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟದ ಕೆಳಗಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಮ್ಮೆ ಆಡಿದ ಮಾತು ಏಳು ಸಲ ಮರುದನಿಗೊಡುತ್ತದೆಂದು ಗೈಡುಗಳು ಹೇಳುತ್ತಾರಾಗಿ, ಗಂಡನು ಆಚೆ ತುದಿಯಲ್ಲಿ ನಿಂತು ಗೋಡೆಗೆ ಕಿವಿಯಿಟ್ಟು ಏನಾದರೂ ಮಾತಾಡೆಂದು ಸನ್ನೆ ಮಾಡಿದರೆ, ಈಚೆ ತುದಿಯ ಹೆಂಡತಿಗೆ ಆ ಗಳಿಗೆಯಲ್ಲಿ ಹೊಳೆಯುವ ಮಾತು “ಗ್ಯಾಸ್ ಬಂದ್ ಮಾಡೀರೇನ್ರೀ?” ಎಂಬುದು. ಶಾಲಾ ಮಕ್ಕಳ ಗದ್ದಲದ ನಡುವೆಯೂ ಆ ಪ್ರಶ್ನೆ ಏಳು ಸಲ ಸ್ಪಷ್ಟವಾಗಿ ಕೇಳುತ್ತದೆ. ಉತ್ತರ ಒಂದು ಸಲವೂ ಬರುವುದಿಲ್ಲ.

ಜತ್ತ ತಾಲ್ಲೂಕಿನ ಗಡಿ ದಾಟಿದೊಡನೆ ಮೊಬೈಲಿಗೆ ಮಹಾರಾಷ್ಟ್ರಕ್ಕೆ ಸ್ವಾಗತವೆಂಬ ಸಂದೇಶ ಬಂದು, ಫಲಕಗಳು ಮರಾಠಿಯಾಗಿ, ಅಂಗಡಿಯವನು ಮಾತ್ರ ಕನ್ನಡದಲ್ಲಿಯೇ ಯಾವೂರು ಎಂದು ಕೇಳುತ್ತಾನೆ. ಕುಡಿಯುವ ನೀರಿನ ಕೊರತೆಯಿಂದ ಬೇಸತ್ತ ಇಲ್ಲಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು 2012ರಲ್ಲಿ ಠರಾವು ಮಾಡಿದ್ದು 2022ರಲ್ಲಿ ಮತ್ತೆ ಎರಡು ರಾಜ್ಯಗಳ ನಡುವೆ ಚರ್ಚೆಗೆ ಬಂದಿತ್ತು. ಈ ತಾಲ್ಲೂಕಿನ ಗುಡ್ಡಾಪುರದಲ್ಲಿ ಹನ್ನೆರಡನೆಯ ಶತಮಾನದ ಶರಣೆ ದಾನಮ್ಮದೇವಿಯ ಗುಡಿಯಿದ್ದು, ಛಟ್ಟಿ ಅಮವಾಸ್ಯೆಯ ಹೊತ್ತಿಗೆ ವಿಜಯಪುರ ಸೀಮೆಯಿಂದ ಭಕ್ತರು ಪಾದಯಾತ್ರೆಯಲ್ಲಿ ಹೋಗುತ್ತಾರೆ. ಹೆದ್ದಾರಿಯ ಬದಿಯಲ್ಲಿ ಬರಿಗಾಲಲ್ಲಿ ನಡೆಯುವ ಹೆಣ್ಣುಮಕ್ಕಳ ಸಾಲನ್ನು ಕಂಡ ಹೆಂಡತಿಗೆ ಮನಸ್ಸು ಚುಚ್ಚಿ, “ಅವ್ರು ನಡ್ಕೊಂತ ಹೊಂಟಾರ, ನಾವ್ ತಂಪ್ ಮಾಡ್ಕೊಂಡು ಕುಂತೀವಿ” ಎಂದು ಎ.ಸಿ. ಬಂದ್ ಮಾಡಿಸುತ್ತಾಳೆ. ಕಿಟಕಿ ಇಳಿಸಿದ ಕಾರಿನಲ್ಲಿ ಧೂಳು ತಿನ್ನುತ್ತ ಉಳಿದ ದೂರವನ್ನು ಕ್ರಮಿಸುವುದು ಪಾದಯಾತ್ರೆಯ ಪುಣ್ಯದಲ್ಲಿ ಎಷ್ಟನೆಯ ಪಾಲಿಗೆ ಸಮವೆಂಬುದನ್ನು ಯಾವ ಆಗಮವೂ ಹೇಳಿಲ್ಲವಾದರೂ, ಹತ್ತು ಲೀಟರಿಗೆ ಒಂದಿಷ್ಟು ಪೆಟ್ರೋಲ್ ಉಳಿಯಿತೆಂಬುದನ್ನು ಗಂಡನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಾನೆ.

ಈ ಸಂಚಾರವನ್ನು ಕೈಗೊಳ್ಳಲಿಚ್ಛಿಸುವ ನಿವೃತ್ತರಿಗೆ ಎಳ್ಳಮವಾಸ್ಯೆಯಿಂದ ಶಿವರಾತ್ರಿಯವರೆಗಿನ ಕಾಲ ಪ್ರಶಸ್ತವಾದುದು. ಹಿಂಗಾರಿ ಜೋಳ ತೆನೆ ಕಟ್ಟಿ ನಿಂತಿರುತ್ತದೆ. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ಕೈಯಲ್ಲಿ ತಿಕ್ಕಿ ತೆಗೆಯುವ ಸೀತನಿಯು ಕೇಳಿದ ಹೊಲದಲ್ಲೆಲ್ಲ ಸಿಗುತ್ತದೆ. ಮಳೆ ಬಿದ್ದ ಮರುದಿನ ಮಾತ್ರ ಡಾಂಬರು ಬಿಟ್ಟು ಎರೆಗೆ ಗಾಲಿ ಇಳಿಸಬಾರದು. ಒದ್ದೆ ಎರೆಯ ರಾಡಿಯಲ್ಲಿ ಹೂತ ಕಾರನ್ನು ಹೊರಗೆ ತೆಗೆಯಲು ಟ್ರ್ಯಾಕ್ಟರೇ ಬರಬೇಕಾಗುತ್ತದೆ. ಟ್ರ್ಯಾಕ್ಟರಿನವನು ಹಗ್ಗ ಬಿಗಿಯುವ ಮೊದಲು ಯಾವೂರವರು ಎಂದು ಕೇಳುತ್ತಾನೆ, ಹಣ ಕೊಟ್ಟರೆ ಮುಟ್ಟುವುದಿಲ್ಲ, ಮನೆಗೆ ಬಂದು ಚಹಾ ಕುಡಿಯದೆ ಹಗ್ಗ ಬಿಚ್ಚುವುದೂ ಇಲ್ಲ.